ಒಂಬತ್ತನೇ ಬಿ ಯಾಕೆ ಬಂತು ಅಂದರೆ

ದಾವಣಗೆರೆ,
ಭಾನುವಾರ ಬೆಳಿಗ್ಗೆ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನಿನ್ನ ದನಿ ಸಣ್ಣಗಾಗಿತ್ತು. "ಅಜ್ಜೀ, ಆರೋಗ್ಯ ಸಮೀಕ್ಷೆಗೆ ಅಂತ ಇಡೀ ಸ್ಕೂಲಲ್ಲಿ ಎಂಟನೇ ಎ ಮತ್ತೆ ನಮ್ಮ ಒಂಬತ್ತನೇ ಬಿ ಎರಡೇ ಸೆಕ್ಷನ್ ಹಿಡಿದ್ರು. ನಾವೇನು ತಪ್ಪು ಮಾಡಿದ್ವಿ?" ಅಂದೆ. ನಾನು ಉತ್ತರ ಕೊಡುವಷ್ಟರಲ್ಲಿ ನಿಮ್ಮಮ್ಮ ಊಟಕ್ಕೆ ಕರೆದಳು. ಒಳ್ಳೆಯದೇ ಆಯಿತು. ಇದು ಫೋನಿನಲ್ಲಿ ಮುಗಿಯುವ ಮಾತಲ್ಲ. ಕಾಫಿ ಕುಡಿದು, ಕನ್ನಡಕ ಒರೆಸಿಕೊಂಡು, ನಿನಗಾಗಿ ಒಂದು ಬಿಳಿ ಹಾಳೆ ತೆಗೆದಿದ್ದೇನೆ.

ನಿನ್ನ ಸಂಕಟ ಎಲ್ಲಿಂದ ಬಂತೆಂದು ಗೊತ್ತಿದೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೈಸ್ಕೂಲು ಮಕ್ಕಳಿಗೆ ಲೆಕ್ಕ ಕಲಿಸಿದವಳು ನಾನು. ಶಾಲೆಯಲ್ಲಿ 'ಆಯ್ಕೆ' ಅನ್ನುವ ಮಾತಿಗೆ ಎರಡೇ ಅರ್ಥ. ಚೆನ್ನಾಗಿ ಓದಿದವರನ್ನು ಬಹುಮಾನಕ್ಕೆ ಆರಿಸುತ್ತಾರೆ, ಗಲಾಟೆ ಮಾಡಿದವರನ್ನು ಎದ್ದು ನಿಲ್ಲಿಸುವುದಕ್ಕೆ ಆರಿಸುತ್ತಾರೆ. ಹದಿನಾಲ್ಕು ವರ್ಷದವರೆಗೆ ಈ ಎರಡನ್ನೇ ನೋಡುತ್ತ ಬಂದ ಮಗುವಿಗೆ ಮೂರನೆಯದೊಂದು ಬಗೆಯ ಆಯ್ಕೆ ಇದೆಯೆಂದು ಹೊಳೆಯುವುದಾದರೂ ಹೇಗೆ? ನಿನ್ನ ಗೆಳತಿಯರು ಒಬ್ಬೊಬ್ಬರು ಒಂದೊಂದು ಕಾರಣ ಹುಡುಕಿದರು ಅಂದೆಯಲ್ಲ, ಬಿ ಸೆಕ್ಷನ್ ಜೋರು ಅಂತ ಒಬ್ಬಳು, ಬಿ ಸೆಕ್ಷನ್‌ನಲ್ಲಿ ಯಾರಿಗೋ ಏನೋ ಕಾಯಿಲೆ ಅಂತ ಇನ್ನೊಬ್ಬಳು. ಎರಡೂ ಸುಳ್ಳು ಕಂದಾ. ನಿಮ್ಮನ್ನು ಆರಿಸುವಾಗ ನಿಮ್ಮ ಬಗ್ಗೆ ಯಾರೂ ಏನನ್ನೂ ಯೋಚಿಸಲಿಲ್ಲ. ಹಾಗೆ ಯೋಚಿಸದೆ ಇರುವುದಕ್ಕಾಗಿಯೇ ಜನ ಎಷ್ಟೊಂದು ತಲೆ ಕೆಡಿಸಿಕೊಂಡಿದ್ದಾರೆ ಅನ್ನುವುದನ್ನು ನಿನಗೆ ಹೇಳಬೇಕು.

ನಿಮ್ಮ ವಯಸ್ಸಿನವರ ಆರೋಗ್ಯ ಹೇಗಿದೆ, ಬೆಳಿಗ್ಗೆ ತಿಂಡಿ ತಿಂದು ಬರುತ್ತಾರೋ ಇಲ್ಲವೋ, ಆಡುತ್ತಾರೋ, ನಿದ್ದೆ ಬರುತ್ತದೋ, ಯಾರಾದರೂ ಹೊಡೆಯುತ್ತಾರೋ, ಮನಸ್ಸಿನ ಮಾತು ಹೇಳಿಕೊಳ್ಳಲು ಯಾರಾದರೂ ಇದ್ದಾರೋ, ಗುಟ್ಕಾ ಬೀಡಿಗಳ ಹತ್ತಿರ ಹೋಗಿದ್ದಾರೋ, ಇದನ್ನೆಲ್ಲ ತಿಳಿಯಬೇಕಾದರೆ ನಿಮ್ಮನ್ನೇ ಕೇಳಬೇಕು. ಎಲ್ಲರನ್ನೂ ಕೇಳುವುದಕ್ಕೆ ಆಗುವುದಿಲ್ಲ. 2019ರಲ್ಲಿ ನಮ್ಮ ದೇಶದಲ್ಲಿ ನಡೆದ ಜಾಗತಿಕ ಯುವ ತಂಬಾಕು ಸಮೀಕ್ಷೆಯ ಲೆಕ್ಕ ಹೇಳುತ್ತೇನೆ ಕೇಳು. ಮುಂಬೈಯ ಅಂತಾರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ಅದನ್ನು ನಡೆಸಿತು. ಇಷ್ಟು ದೊಡ್ಡ ದೇಶಕ್ಕೆ 987 ಶಾಲೆ, 97,302 ವಿದ್ಯಾರ್ಥಿಗಳು. ಅಷ್ಟರಿಂದಲೇ ಪ್ರತಿಯೊಂದು ರಾಜ್ಯದ ಚಿತ್ರ ಬಂತು. 13ರಿಂದ 15 ವರ್ಷದ ಮಕ್ಕಳಲ್ಲಿ ತಂಬಾಕು ಬಳಸುವವರು ದೇಶಕ್ಕೆ ನೂರಕ್ಕೆ 8.5. ಅರುಣಾಚಲ ಪ್ರದೇಶ, ಮಿಜೋರಾಂಗಳಲ್ಲಿ ನೂರಕ್ಕೆ 58. ನಮ್ಮ ಕರ್ನಾಟಕದಲ್ಲಿ 1.2. ಎಲ್ಲಿಯ 58, ಎಲ್ಲಿಯ 1.2! ಯಾವ ರಾಜ್ಯದ ಮಕ್ಕಳಿಗೆ ತುರ್ತಾಗಿ ಏನು ಬೇಕು ಅನ್ನುವುದು ಆ ವ್ಯತ್ಯಾಸದಲ್ಲಿದೆ. ಅದನ್ನು ಕಾಣಿಸಿದವರು ಡಾಕ್ಟರೂ ಅಲ್ಲ, ಮಂತ್ರಿಯೂ ಅಲ್ಲ. ಬೆಂಚಿನ ಮೇಲೆ ಕೂತು ಪೆನ್ಸಿಲ್ಲಿನಿಂದ ಗುರುತು ಹಾಕಿದ ನಿನ್ನಂಥವರು.

ಹಾಗಾದರೆ ಆ 987 ಶಾಲೆಗಳು ಯಾವುವು ಎಂದು ತೀರ್ಮಾನಿಸಿದವರು ಯಾರು? ಒಂದು ಹಗ್ಗ ಕಲ್ಪಿಸಿಕೊ. ರಾಜ್ಯದ ಎಲ್ಲ ಶಾಲೆಗಳ ಪಟ್ಟಿ ಇರುತ್ತದೆ, ಒಂದೊಂದರ ಮುಂದೆ ಎಂಟು, ಒಂಬತ್ತು, ಹತ್ತನೇ ತರಗತಿಗಳಲ್ಲಿ ಎಷ್ಟು ಮಕ್ಕಳಿದ್ದಾರೆ ಅನ್ನುವ ಸಂಖ್ಯೆ. ಒಂದು ಮಗುವಿಗೆ ಒಂದು ಗೇಣು ಹಗ್ಗ. ತೊಂಬತ್ತು ಮಕ್ಕಳ ಹಳ್ಳಿ ಶಾಲೆಗೆ ತೊಂಬತ್ತು ಗೇಣು, ಒಂಬೈನೂರು ಮಕ್ಕಳ ಪಟ್ಟಣದ ಶಾಲೆಗೆ ಒಂಬೈನೂರು ಗೇಣು. ಎಲ್ಲವನ್ನೂ ಒಂದಕ್ಕೊಂದು ಗಂಟು ಹಾಕಿ ಉದ್ದಕ್ಕೆ ಹಾಸು. ಒಟ್ಟು 45,000 ಗೇಣು ಆಯಿತು ಅನ್ನು. 25 ಶಾಲೆ ಬೇಕು. ಅಂದರೆ 1,800 ಗೇಣಿಗೊಂದು ಗುರುತು. ಮೊದಲನೆಯ ಗುರುತು ಎಲ್ಲಿ ಅನ್ನುವುದನ್ನು ಮಾತ್ರ ಚೀಟಿ ಎತ್ತಿ ತಿಳಿಯಬೇಕು, ಆಮೇಲೆ ಅಷ್ಟಷ್ಟು ದೂರಕ್ಕೆ ಹೆಜ್ಜೆ ಹಾಕುತ್ತ ಹೋಗುವುದು. ಗುರುತು ಯಾವ ಶಾಲೆಯ ಹಗ್ಗದ ಮೇಲೆ ಬಿತ್ತೋ ಆ ಶಾಲೆ ಬಂತು.

ಇಲ್ಲಿ ನೀನು ತಕ್ಷಣ ಜಗಳಕ್ಕೆ ಬರುತ್ತೀ, ನನಗೆ ಗೊತ್ತು. ದೊಡ್ಡ ಶಾಲೆಗೆ ಉದ್ದ ಹಗ್ಗ, ಅದೇ ಹೆಚ್ಚು ಸಲ ಸಿಗುತ್ತದೆ, ಹಳ್ಳಿಯ ಮಕ್ಕಳಿಗೆ ಅನ್ಯಾಯ! ನಾನೂ ಮೊದಲ ಸಲ ಕೇಳಿದಾಗ ಹಾಗೇ ಅಂದಿದ್ದೆ. ಪೆನ್ನು ಹಿಡಿದುಕೊ. ಒಂಬೈನೂರರ ಶಾಲೆ ಸಿಗುವ ಸಂಭವ 1,800ಕ್ಕೆ 900, ಎರಡರಲ್ಲಿ ಒಂದು. ತೊಂಬತ್ತರ ಶಾಲೆಗೆ ಇಪ್ಪತ್ತರಲ್ಲಿ ಒಂದು. ಇನ್ನು ಶಾಲೆಯ ಒಳಗೆ ಹೋಗು. ತರಗತಿಗೆ 45 ಮಕ್ಕಳಾದರೆ ದೊಡ್ಡ ಶಾಲೆಯಲ್ಲಿ 20 ಸೆಕ್ಷನ್, ಚಿಕ್ಕದರಲ್ಲಿ ಎರಡು. ಲೆಕ್ಕ ಸುಲಭವಾಗಲಿ ಎಂದು ಎರಡು ಕಡೆಯೂ ಒಂದೊಂದೇ ಸೆಕ್ಷನ್ ಎತ್ತೋಣ. ದೊಡ್ಡ ಶಾಲೆಯ ಮಗುವಿನ ಸೆಕ್ಷನ್ ಬರುವ ಸಂಭವ ಇಪ್ಪತ್ತರಲ್ಲಿ ಒಂದು, ಚಿಕ್ಕ ಶಾಲೆಯ ಮಗುವಿನದು ಎರಡರಲ್ಲಿ ಒಂದು. ಈಗ ಗುಣಿಸು. ಅರ್ಧವನ್ನು ಇಪ್ಪತ್ತನೆಯ ಒಂದರಿಂದ ಗುಣಿಸಿದರೆ ನಲವತ್ತನೆಯ ಒಂದು. ಇಪ್ಪತ್ತನೆಯ ಒಂದನ್ನು ಅರ್ಧದಿಂದ ಗುಣಿಸಿದರೂ ನಲವತ್ತನೆಯ ಒಂದು! ಮೊದಲ ಬಾಗಿಲಲ್ಲಿ ಕಳೆದುಕೊಂಡದ್ದನ್ನು ಹಳ್ಳಿಯ ಮಗು ಎರಡನೆಯ ಬಾಗಿಲಲ್ಲಿ ಪಡೆದುಕೊಂಡಿತು. ಲೆಕ್ಕದ ಮೇಷ್ಟ್ರಮ್ಮನಾಗಿ ನಾನು ಎಷ್ಟೋ ಪ್ರಮೇಯ ಬಿಡಿಸಿದ್ದೇನೆ, ಆದರೆ ಈ ಎರಡು ಸಾಲಿನ ಗುಣಾಕಾರ ಬೋರ್ಡಿನ ಮೇಲೆ ಸಮವಾಗಿ ನಿಂತಾಗ ಆಗುವ ಸಂತೋಷ ಬೇರೆ ಯಾವುದರಿಂದಲೂ ಆಗಿಲ್ಲ.

ಶಾಲೆಗಳಿಗೆಲ್ಲ ಸಮನಾಗಿ ಚೀಟಿ ಹಾಕಿ, ಒಳಗೆ ಒಂದೊಂದು ಸೆಕ್ಷನ್ ಎತ್ತಿದ್ದರೆ ಏನಾಗುತ್ತಿತ್ತು ಎಂದು ನೀನೇ ಲೆಕ್ಕ ಹಾಕು. ದೊಡ್ಡ ಶಾಲೆಯ ಮಗುವಿಗೆ ಚಿಕ್ಕ ಶಾಲೆಯ ಮಗುವಿನ ಹತ್ತರಲ್ಲೊಂದು ಅವಕಾಶ.

ನಿಮ್ಮ ಶಾಲೆಯ ಒಳಗೆ ನಡೆದದ್ದೂ ಇಷ್ಟೇ ನಿರಪಾಯದ ಸಂಗತಿ. ಎಂಟನೇ ಎ, ಬಿ, ಸಿ, ಒಂಬತ್ತನೇ ಎ, ಬಿ, ಸಿ, ಹತ್ತನೇ ಎ, ಬಿ, ಒಟ್ಟು ಎಂಟು ಸೆಕ್ಷನ್ ಅಂದೆ. ಎರಡು ಬೇಕು, ಅಂದರೆ ನಾಲ್ಕಕ್ಕೊಂದು. ಒಂದರಿಂದ ನಾಲ್ಕರೊಳಗೆ ಚೀಟಿಯಲ್ಲಿ ಒಂದು ಬಂದಿರಬೇಕು. ಮೊದಲನೆಯದು ಎಂಟನೇ ಎ, ಅಲ್ಲಿಂದ ನಾಲ್ಕು ಮುಂದೆ ಹೋದರೆ ಐದನೆಯದು, ಒಂಬತ್ತನೇ ಬಿ. ಚೀಟಿಯಲ್ಲಿ ಎರಡು ಬಂದಿದ್ದರೆ ಎಂಟನೇ ಬಿ ಮತ್ತು ಒಂಬತ್ತನೇ ಸಿ ಕೂತು ಬರೆಯುತ್ತಿದ್ದವು, ನೀನು ಕಿಟಕಿಯಿಂದ ಇಣುಕಿ "ನಮ್ಮನ್ನ ಯಾಕೆ ಕೇಳಲಿಲ್ಲ" ಅನ್ನುತ್ತಿದ್ದೆ.

ಕ್ಲಾಸಿಗೆ ಐದೈದು ಮಕ್ಕಳನ್ನು ಕರೆಯಬಹುದಿತ್ತಲ್ಲ, ಇಡೀ ಸೆಕ್ಷನ್ ಯಾಕೆ ಎಂದು ನಿಮ್ಮಮ್ಮ ಕೇಳಿದಳಂತೆ. ಐದು ಮಕ್ಕಳ ಹೆಸರು ಕೂಗಿ ಬೇರೆ ಕೋಣೆಗೆ ಕರೆದುಕೊಂಡು ಹೋದರೆ ಉಳಿದ ನಲವತ್ತು ಜೋಡಿ ಕಣ್ಣು ಅವರ ಬೆನ್ನ ಮೇಲೆ ನೆಡುತ್ತದೆ. ಎಲ್ಲರೂ ಒಟ್ಟಿಗೆ, ಒಂದೇ ಹೊತ್ತಿನಲ್ಲಿ, ಹೆಸರು ಬರೆಯದ ಹಾಳೆಯಲ್ಲಿ ಗುರುತು ಹಾಕಿದರೆ ಯಾರ ಗುಟ್ಟೂ ಹೊರಗೆ ಬೀಳುವುದಿಲ್ಲ. ಒಂದು ಪೀರಿಯಡ್ಡಿನಲ್ಲಿ ಮುಗಿಯುತ್ತದೆ, ಪಾಠವೂ ಕೆಡುವುದಿಲ್ಲ. ಇದಕ್ಕೆ ಒಂದು ಬೆಲೆಯೂ ಇದೆ. ಒಂದು ಕ್ಲಾಸಿನವರು ಒಬ್ಬರಂತೆ ಒಬ್ಬರಿರುತ್ತಾರೆ. ಒಂದೇ ಅಂಗಡಿಯ ಕುರುಕು ತಿಂಡಿ, ಒಂದೇ ಮೈದಾನ, ಒಂದೇ ಬೀದಿಯ ಗಾಳಿ. 45 ಮಕ್ಕಳನ್ನು ಕೇಳಿದರೂ 45 ಬೇರೆ ಬೇರೆ ಊರಿನ ಮಕ್ಕಳನ್ನು ಕೇಳಿದಷ್ಟು ಹೊಸದು ತಿಳಿಯುವುದಿಲ್ಲ. ಅದಕ್ಕೇ ಒಂದೇ ಶಾಲೆಯಲ್ಲಿ ಬೀಡು ಬಿಡದೆ ಊರೂರು ಅಲೆಯುತ್ತಾರೆ, ಒಟ್ಟು ಮಕ್ಕಳ ಸಂಖ್ಯೆಯನ್ನೂ ಹೆಚ್ಚಿಸಿಕೊಳ್ಳುತ್ತಾರೆ.

ವಯಸ್ಸಿನ ಬಗ್ಗೆಯೂ ನೀನು ಕೇಳಿದ್ದೆ. ನಿನ್ನ ಕ್ಲಾಸಿನಲ್ಲಿ ಹದಿನಾರು ತುಂಬಿದ ಹುಡುಗನೊಬ್ಬನೂ ಬರೆದನಂತೆ. ಸರಿಯಾಗಿಯೇ ಇದೆ. ಆರಿಸುವುದು ತರಗತಿಯನ್ನು, ವಯಸ್ಸನ್ನು ಆಮೇಲೆ ವಿಂಗಡಿಸುತ್ತಾರೆ. ಆ ತಂಬಾಕು ಸಮೀಕ್ಷೆಯ 97,302ರಲ್ಲಿ 13ರಿಂದ 15ರೊಳಗಿನವರು 80,772. ಉಳಿದವರಿಗೆ "ನೀನು ಎದ್ದು ಹೋಗು" ಅನ್ನಲಿಲ್ಲ.

ಈಗ ನಾನು ನಿನಗೆ ಹೇಳಬೇಕೆಂದು ಎಷ್ಟೋ ವರ್ಷದಿಂದ ಇಟ್ಟುಕೊಂಡ ಒಂದು ವಿಷಯ.

ನಮ್ಮೂರಿನ ಎಪಿಎಂಸಿ ಮಾರುಕಟ್ಟೆಗೆ ನಿನ್ನನ್ನು ಒಮ್ಮೆ ಕರೆದುಕೊಂಡು ಹೋಗಿದ್ದೆ, ನೆನಪಿದೆಯಾ? ವ್ಯಾಪಾರಿ ಭತ್ತದ ಮೂಟೆಯ ಬಾಯಿ ಬಿಚ್ಚಿ ನೋಡಲಿಲ್ಲ. ಕೈಯಲ್ಲಿದ್ದ ಮೊನಚು ಕಬ್ಬಿಣದ ಕೊಳವೆಯನ್ನು ಮೂಟೆಯ ಹೊಟ್ಟೆಗೆ ಚುಚ್ಚಿ, ನಡುವಿನಿಂದ ಜಾರಿ ಬಂದ ಕಾಳನ್ನು ಅಂಗೈಗೆ ಸುರಿದುಕೊಂಡ. ಬಾಯಲ್ಲಿ ಯಾವಾಗಲೂ ಒಳ್ಳೆಯ ಕಾಳೇ ಇರುತ್ತದೆ ಅನ್ನುವುದು ಅವನಿಗೆ ಗೊತ್ತು.

ನಾನು ಇನ್ನೂ ಕೆಲಸದಲ್ಲಿದ್ದಾಗ ಇಂಥದೇ ಒಂದು ಸಮೀಕ್ಷೆಗೆ ಮೇಲ್ವಿಚಾರಕಿಯಾಗಿ ಹಾಕಿದ್ದರು. ಒಂದು ಶಾಲೆಗೆ ಹೋದೆ. ಯಾವ ಊರೆಂದು ಬರೆಯುವುದಿಲ್ಲ. ಚೀಟಿಯಲ್ಲಿ ಒಂಬತ್ತನೇ ಸಿ ಬಂದಿತ್ತು. ಅಲ್ಲಿಯ ಮುಖ್ಯೋಪಾಧ್ಯಾಯರು ಒಳ್ಳೆಯವರು, ಕುರ್ಚಿ ಎಳೆದು ಕೂರಿಸಿ ಕಾಫಿ ತರಿಸಿದರು. "ಮೇಡಂ, ಸಿ ಸೆಕ್ಷನ್ ಬೇಡ, ಅಡಿಕೆ ಸುಲಿಯೋ ಕಾಲ, ಅರ್ಧ ಮಕ್ಕಳು ಬಂದೇ ಇಲ್ಲ. ಬಂದವರಿಗೂ ಓದೋದು ಕಷ್ಟ. ಎ ಸೆಕ್ಷನ್ ತಗೊಳ್ಳಿ, ಅರ್ಧ ಗಂಟೇಲಿ ಮುಗಿಸಿ ಕೊಡ್ತಾರೆ" ಅಂದರು. ನಾನು ಸಂಜೆಯ ಬಸ್ಸು ಹಿಡಿಯಬೇಕಿತ್ತು. ಎ ಸೆಕ್ಷನ್ನಿಗೆ ಹೋದೆ. ಮಕ್ಕಳು ಮುದ್ದಾಗಿ ಬರೆದರು. ಒಂದು ಪ್ರಶ್ನೆಯೂ ಖಾಲಿ ಉಳಿಯಲಿಲ್ಲ.

ಹೊರಡುವಾಗ ಸಿ ಸೆಕ್ಷನ್ನಿನ ಬಾಗಿಲು ದಾಟಬೇಕಿತ್ತು. ದೊಡ್ಡ ಕೋಣೆ, ಅಲ್ಲೊಬ್ಬರು ಇಲ್ಲೊಬ್ಬರು ಕೂತಿದ್ದರು. ಸಮೀಕ್ಷೆಗೆ ಬರುತ್ತಾರೆಂದು ಹಿಂದಿನ ದಿನವೇ ಹೇಳಿದ್ದರೇನೋ, ಬೆರಳ ತುದಿ ಕಪ್ಪಾಗಿದ್ದ ಒಬ್ಬ ಹುಡುಗಿ ಪೆನ್ಸಿಲ್ ಚೂಪು ಮಾಡಿ ಕೈಯಲ್ಲಿ ಹಿಡಿದುಕೊಂಡಿದ್ದಳು. "ನಮ್ಮನ್ನ ಕೇಳಲ್ವಾ ಮೇಡಂ?" ಅಂದಳು. ನಾನು ಏನು ಹೇಳಿದೆನೋ ನೆನಪಿಲ್ಲ. ಅವಳ ಕೈಯಲ್ಲಿದ್ದ ಪೆನ್ಸಿಲ್ ನೆನಪಿದೆ.

ನಾನು ಮಾಡಿದ್ದು ತಪ್ಪು ಪುಟ್ಟಿ, ಸಣ್ಣ ತಪ್ಪಲ್ಲ. ಮೂಟೆಯ ಬಾಯಿಂದ ಕಾಳು ತೆಗೆದುಕೊಂಡು ಹೊಟ್ಟೆಯದೆಂದು ಬರೆದುಕೊಟ್ಟೆ. ಬೆಳಿಗ್ಗೆ ಉಪವಾಸ ಬರುವವರು, ಸುಸ್ತಾಗಿ ಮಲಗುವವರು, ದುಡಿಯುವ ಕಡೆ ಎಲೆ ಅಡಿಕೆ ಗುಟ್ಕಾ ಕಲಿಯುವವರು ಯಾವ ಸೆಕ್ಷನ್ನಿನಲ್ಲಿ ಹೆಚ್ಚಿದ್ದರು? ಯಾರ ಸಂಕಟ ತಿಳಿಯಲೆಂದು ಸರ್ಕಾರ ಇಷ್ಟೆಲ್ಲ ಖರ್ಚು ಮಾಡಿ ನನ್ನನ್ನು ಬಸ್ಸು ಹತ್ತಿಸಿತ್ತೋ ಅವರನ್ನೇ ಬಿಟ್ಟು ಬಂದೆ. ಆ ದಿನ ಸರಿಯಾಗಿ ಮಾಡಬೇಕಾದದ್ದು ಕಷ್ಟದ್ದೇನಲ್ಲ. ಸಿ ಸೆಕ್ಷನ್ನಿನಲ್ಲಿ ಎಷ್ಟು ಜನ ಇದ್ದರೋ ಅಷ್ಟು ಜನರಿಂದ ಬರೆಸಿ, ಹಾಜರಿ ಪುಸ್ತಕದಲ್ಲಿ ಎಷ್ಟು ಹೆಸರಿದೆ, ಇವತ್ತು ಎಷ್ಟು ಜನ ಬಂದಿಲ್ಲ ಎಂದು ನಮೂದಿಸಬೇಕಿತ್ತು. ಶಾಲೆಯವರು ಒಪ್ಪದಿದ್ದರೆ ಆ ಜಾಗ ಖಾಲಿ ಬಿಡಬೇಕಿತ್ತು. ಖಾಲಿ ಬಿಟ್ಟ ಜಾಗವನ್ನು ಲೆಕ್ಕದವರು ಹೇಗೋ ಸರಿದೂಗಿಸುತ್ತಾರೆ. ಬದಲಿ ಇಟ್ಟದ್ದು ಅವರಿಗೆ ಗೊತ್ತೇ ಆಗುವುದಿಲ್ಲ. ಈ ಸಮೀಕ್ಷೆಗಳಲ್ಲಿ ಬಂದ ಶಾಲೆಗೆ, ಬಂದ ತರಗತಿಗೆ ಬದಲಿ ಕೊಡಬಾರದೆಂಬ ಕಟ್ಟುನಿಟ್ಟು ಇರುವುದು ನನ್ನಂಥವರ ಮನಸ್ಸು ಕರಗುವುದು ಗೊತ್ತಿದ್ದುದರಿಂದ.

ಮನುಷ್ಯರ ಕೈ ಒಳ್ಳೆಯದರ ಕಡೆಗೇ ವಾಲುತ್ತದೆ. ಪ್ರಶಾಂತಚಂದ್ರ ಮಹಾಲನೋಬಿಸ್ ಎಂಬ ದೊಡ್ಡವರು 1930ರ ದಶಕದಲ್ಲಿ ಬಂಗಾಳದ ಸೆಣಬಿನ ಹೊಲಗಳನ್ನು ಹೀಗೆ ಅಲ್ಲಲ್ಲಿ ಅಳೆಸಿದರು. ಅವರು ಕಟ್ಟಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ 1931ರದು. ಎಲ್ಲಿ ಅಳೆಯಬೇಕೆಂದು ಹೋದವನ ಕಣ್ಣಿಗೆ ಬಿಡದೆ ಆಕಸ್ಮಿಕ ಸಂಖ್ಯೆಗಳಿಗೆ ಬಿಟ್ಟರು. ಹೊಲಕ್ಕೆ ಇಳಿದವನು ತನಗರಿವಿಲ್ಲದೆ ಹುಲುಸಾದ ಪೈರಿನ ಬುಡದಲ್ಲೇ ನಿಲ್ಲುತ್ತಾನೆ. ಅದೇ ಸಂಸ್ಥೆಯಲ್ಲಿ ದುಡಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಹುಟ್ಟಿದ್ದು ಎಲ್ಲಿ ಗೊತ್ತಾ? ನಮಗೆ ಹತ್ತಿರದ ಹೂವಿನ ಹಡಗಲಿಯಲ್ಲಿ, 1920ರಲ್ಲಿ. ಮುಂದಿನ ಸಲ ಮಲ್ಲಿಗೆ ತರಲು ಆ ಕಡೆ ಹೋದಾಗ ನಿನಗೆ ಅವರ ಕತೆ ಪೂರ್ತಿ ಹೇಳುತ್ತೇನೆ.

ಬಾರದ ಮಕ್ಕಳನ್ನು ಸರಿದೂಗಿಸುತ್ತಾರೆ ಅಂದೆನಲ್ಲ, ಅದನ್ನು ಮುಗಿಸಿಬಿಡುತ್ತೇನೆ. ಮೇಲಿನ ಲೆಕ್ಕದಲ್ಲಿ ಪ್ರತಿ ಮಗುವೂ ನಲವತ್ತರಲ್ಲಿ ಒಂದು. ಅಂದರೆ ಬರೆದ ಒಬ್ಬಳು ನಲವತ್ತು ಮಕ್ಕಳ ಪರವಾಗಿ ಬರೆದಳು. 45ರಲ್ಲಿ ಆ ದಿನ 36 ಮಂದಿ ಮಾತ್ರ ಬಂದಿದ್ದರೆ? ಉಳಿದ ಒಂಬತ್ತು ಮಂದಿಯ ಭಾರವನ್ನು ಈ 36 ಮಂದಿಯೇ ಹಂಚಿಕೊಳ್ಳಬೇಕು. ನಲವತ್ತನ್ನು 45ರಿಂದ ಗುಣಿಸಿ 36ರಿಂದ ಭಾಗಿಸು, ಐವತ್ತು. ಬಂದವಳು ಈಗ ಐವತ್ತು ಮಕ್ಕಳ ಪರವಾಗಿ ಮಾತಾಡುತ್ತಾಳೆ. ಹಾಗೆಯೇ ಒಪ್ಪದ ಶಾಲೆಗಳ ಭಾರವನ್ನು ಒಪ್ಪಿದ ಶಾಲೆಗಳು ಹೊರುತ್ತವೆ. ಕೊನೆಯಲ್ಲಿ ಹುಡುಗ ಹುಡುಗಿಯರ ಪ್ರಮಾಣ ನಿಜವಾದ ದಾಖಲಾತಿಯೊಡನೆ ಹೊಂದುವಂತೆ ಇನ್ನೊಮ್ಮೆ ತೂಗುತ್ತಾರೆ. ಅಂಕಗಣಿತದಲ್ಲಿ ಇದು ಸರಿ. ಆದರೂ ನನಗೊಂದು ಕಸಿವಿಸಿ ಉಳಿದೇ ಇದೆ. ಆ ಒಂಬತ್ತು ಮಂದಿ ಬಂದಿದ್ದರೆ ಬಂದವರು ಬರೆದಂತೆಯೇ ಬರೆಯುತ್ತಿದ್ದರು ಎಂದು ಈ ಲೆಕ್ಕ ನಂಬುತ್ತದೆ. ಜ್ವರದಿಂದ ಮಲಗಿದವಳು, ಮನೆಯಲ್ಲಿ ಜಗಳವಾಗಿ ಬಾರದವನು, ಕೂಲಿಗೆ ಹೋದವನು ಹಾಗೆ ಬರೆಯುತ್ತಿದ್ದರೇ? ಪಕ್ಕದ ಬೆಂಚಿನವರು ಎಷ್ಟು ಪ್ರಾಮಾಣಿಕವಾಗಿ ಬರೆದರೂ ಅವರ ಬಾಯಾಗಲು ಸಾಧ್ಯವೇ?

ಇನ್ನು ಹಗ್ಗದಲ್ಲಿ ಗೇಣಷ್ಟೂ ಜಾಗವಿಲ್ಲದ ಮಕ್ಕಳಿದ್ದಾರೆ. ಎಂಟನೆಯ ತರಗತಿಗೆ ಬಿಟ್ಟು ಗ್ಯಾರೇಜು ಸೇರಿದವನ ಹೆಸರು ಹಾಜರಿ ಪುಸ್ತಕದಲ್ಲಿಲ್ಲ. ಮದುವೆ ಮಾಡಿ ಕಳಿಸಿಬಿಟ್ಟ ಹುಡುಗಿಯದೂ ಇಲ್ಲ. ಶಾಲೆಯಲ್ಲಿ ನಡೆಯುವ ಸಮೀಕ್ಷೆ ಶಾಲೆಗೆ ಬರುವ ಮಕ್ಕಳ ಬಗ್ಗೆ ಮಾತ್ರ ಹೇಳಬಲ್ಲದು. ಪಟ್ಟಿ ಎಲ್ಲಿ ಮುಗಿಯುತ್ತದೋ ಮಾತೂ ಅಲ್ಲಿಗೆ ಮುಗಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹಲವು ದೇಶಗಳ ಶಾಲೆಗಳಲ್ಲಿ ನಡೆಸುವ ವಿದ್ಯಾರ್ಥಿ ಆರೋಗ್ಯ ಸಮೀಕ್ಷೆ 2007ರಲ್ಲಿ ನಮ್ಮ ದೇಶಕ್ಕೆ ಬಂದಾಗ ಸಿಬಿಎಸ್‌ಇ ಶಾಲೆಗಳಲ್ಲಿ ನಡೆಯಿತು. ಅದರ ಅಂಕಿಗಳನ್ನು ಹಿಡಿದು ನಮ್ಮ ಹಳ್ಳಿಯ ಸರ್ಕಾರಿ ಕನ್ನಡ ಶಾಲೆಯ ಮಗುವಿನ ಬಗ್ಗೆ ಮಾತಾಡಲು ಬರುವುದಿಲ್ಲ. "ಭಾರತದ ಹದಿಹರೆಯದವರಲ್ಲಿ ನೂರಕ್ಕೆ ಇಷ್ಟು" ಎಂದು ಯಾರಾದರೂ ಹೇಳಿದರೆ, ಅವರ ಹಗ್ಗ ಎಲ್ಲಿಂದ ಎಲ್ಲಿಗೆ ಎಂದು ಮೊದಲು ಕೇಳು. ಸಂಕೋಚ ಪಡಬೇಡ.

ನಿನ್ನ ಉತ್ತರದ ಬಗ್ಗೆ ಒಂದು ಮಾತು. ಒಂದೆರಡು ಪ್ರಶ್ನೆ ಬಿಟ್ಟೆ ಅಂತ ಅಂಜಿಕೊಂಡೆ. ಬಿಡಬಹುದು. ಬರೆಯುವುದೇ ಇಲ್ಲ ಅನ್ನುವ ಸ್ವಾತಂತ್ರ್ಯವೂ ನಿನಗಿತ್ತು. ನಿನ್ನ ಹಾಳೆಯಲ್ಲಿ ಹೆಸರಿಲ್ಲ, ವರದಿಯಲ್ಲಿ ಶಾಲೆಯ ಹೆಸರೂ ಬರುವುದಿಲ್ಲ. ಬರೆದದ್ದು ಮಾತ್ರ ನಿಜವಾಗಿರಬೇಕು. ನಲವತ್ತು ಮಂದಿಯ ಪರವಾಗಿ ನೀನು "ದುಃಖವಾಗಿದೆ" ಅಂದರೆ ನಲವತ್ತು ಮಂದಿಯ ದುಃಖ ಎಣಿಕೆಗೆ ಬರುತ್ತದೆ. ಮರ್ಯಾದೆಗೆ ಅಂಜಿ "ಏನಿಲ್ಲ" ಅಂದರೆ ಆ ನಲವತ್ತೂ ಅಳಿಸಿ ಹೋಗುತ್ತದೆ.

ನಿನ್ನ ತಮ್ಮನಿಗೆ ರಜೆಯಲ್ಲಿ ಒಂದು ಆಟ ಕಲಿಸು. ಡಿ.ಬಿ. ಲಾಹಿರಿ ಎಂಬ ನಮ್ಮವರೇ 1951ರಲ್ಲಿ ತೋರಿಸಿಕೊಟ್ಟ ಉಪಾಯ, ಹಗ್ಗವೇ ಬೇಕಿಲ್ಲ. ಶಾಲೆಗಳ ಹೆಸರಿನ ಚೀಟಿಗಳು ಒಂದು ಡಬ್ಬಿಯಲ್ಲಿ. ಇನ್ನೊಂದು ಡಬ್ಬಿಯಲ್ಲಿ ಒಂದರಿಂದ ಅತಿ ದೊಡ್ಡ ಶಾಲೆಯ ಮಕ್ಕಳ ಸಂಖ್ಯೆಯವರೆಗಿನ ಅಂಕಿಗಳು. ಎರಡರಿಂದಲೂ ಒಂದೊಂದು ಎತ್ತು. ಅಂಕಿ ಆ ಶಾಲೆಯ ಮಕ್ಕಳ ಸಂಖ್ಯೆಯಷ್ಟೇ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಶಾಲೆ ನಿನ್ನದು. ಹೆಚ್ಚಿದ್ದರೆ ಎರಡನ್ನೂ ಮತ್ತೆ ಡಬ್ಬಿಗೆ ಹಾಕಿ ಹೊಸದಾಗಿ ಎತ್ತು. ಶಾಲೆಗಳ ಬದಲು ನಿಮ್ಮ ಬೀದಿಯ ಮನೆಗಳನ್ನಿಟ್ಟು ಆಡಿ, ಪ್ರತಿ ಮನೆಯ ಮುಂದೆ ಎಷ್ಟು ಜನರಿದ್ದಾರೆ ಎಂದು ಬರೆದುಕೊಂಡು. ನೂರು ಸಲ ಎತ್ತಿದ ಮೇಲೆ ದೊಡ್ಡ ಸಂಸಾರದ ಮನೆ ಎಷ್ಟು ಸಲ ಬಂತು ಎಂದು ಎಣಿಸಿ ನನಗೆ ಕಳಿಸಿ.

ಹಾಳೆ ಮುಗಿಯುತ್ತ ಬಂತು. ಫೋನಿನಲ್ಲಿ ನೀನು ಇನ್ನೊಂದು ಮಾತು ಹೇಳಿದ್ದೆ, ನೀನು ಮರೆತಿರಬಹುದು, ನನಗೆ ರಾತ್ರಿಯೆಲ್ಲ ಅದೇ ಕೊರೆಯುತ್ತಿತ್ತು. ನಿನ್ನ ಪಕ್ಕ ಕೂರುವ ಹುಡುಗಿ ಆ ದಿನ ಬಂದಿರಲಿಲ್ಲ, ಅದಕ್ಕೂ ಹಿಂದಿನ ವಾರವೂ ಬಂದಿರಲಿಲ್ಲ ಅಂದೆ. ಯಾಕಂತೆ? ಈಗ ಬರುತ್ತಿದ್ದಾಳಾ? ಅವಳ ಮನೆ ದೂರವಿಲ್ಲದಿದ್ದರೆ ಅಮ್ಮನನ್ನು ಜೊತೆ ಮಾಡಿಕೊಂಡು ಒಮ್ಮೆ ಹೋಗಿ ಬಾ. ಹೋಗಿ ಬಂದು ನನಗೆ ಬರೆ.

ನಿನ್ನ ದಾರಿ ಕಾಯುವ,
ಅಜ್ಜಿ